ಮಾಸದ ಎಂಟನೆಯ ಕಲೆ

ಜೀವಿಗಳಿಗೆಲ್ಲ ಚರ್ಮದ ಹೊದಿಕೆಯನ್ನಿತ್ತು, ಗಾಯ ಮಾಯುವ ಗುಣವನ್ನೂ ಅದರೊಳಗೇ ಇರಿಸಿದ ಕರುಣಾಳುವಿಗೆ ಮೊದಲ ನಮಸ್ಕಾರ.

ಮೂವತ್ತು ವರ್ಷಗಳ ಹಿಂದಿನ ಮಾತು. ಬಟ್ಟೆ ಹೊಲಿಯುತ್ತಿದ್ದ ಒಬ್ಬಾಕೆಯ ಕಾಲುಗಳ ಮೇಲೆ ಬಾಲ್ಯದ ಕಜ್ಜಿ ಎಂಟು ಕಪ್ಪು ಕಲೆಗಳನ್ನು ಉಳಿಸಿಹೋಗಿತ್ತು. ಊರಿಗೆಲ್ಲ ಮೊಣಕಾಲುದ್ದದ ಲಂಗ ಹೊಲಿದುಕೊಟ್ಟರೂ ತನ್ನದನ್ನು ಮಾತ್ರ ಹಿಮ್ಮಡಿ ಮುಚ್ಚುವಂತೆ ಹೊಲಿದುಕೊಳ್ಳುತ್ತಿದ್ದಳು. ಕೊನೆಗೆ ಅತ್ತಿಗೆಯ ಒತ್ತಾಯಕ್ಕೆ ಮಣಿದು ಚರ್ಮವೈದ್ಯೆಯ ಬಳಿ ಹೋದಳು.

ಅಲ್ಲಿ ಮುಲಾಮು ಅರೆಯುವ ಕಾಂಪೌಂಡರ್‌ಗೆ ಇನ್ನೊಂದು ಕೆಲಸವೂ ಇತ್ತು. ತಿಂಗಳಿಗೊಮ್ಮೆ ಪ್ರತಿ ಕಲೆಯ ಮೇಲೂ ಬಟರ್ ಪೇಪರ್ ಇರಿಸಿ, ಅದರ ಅಂಚನ್ನು ಪೆನ್ಸಿಲ್ಲಿನಿಂದ ಗುರುತಿಸಿಕೊಳ್ಳಬೇಕು. ಹಳೆಯ ಹಾಳೆಯ ಮೇಲೆ ಹೊಸದನ್ನಿಟ್ಟರೆ ಕಲೆ ಎಷ್ಟು ಕುಗ್ಗಿದೆಯೆಂಬುದು ತಿಳಿಯುತ್ತಿತ್ತು.

ಮೊದಲ ದಿನ ಆಕೆ ನಾಚಿ ಕಿಟಕಿಯತ್ತ ಮುಖ ತಿರುಗಿಸಿದಳು. ಆತನೂ ಕಾಗದದಿಂದ ಕಣ್ಣೆತ್ತಲಿಲ್ಲ. ಪೆನ್ಸಿಲ್ ಮಾತ್ರ ನಡುಗಿತು.

“ಈ ಗೆರೆ ನಂಬಿ ಬಟ್ಟೆ ಕತ್ತರಿಸಿದ್ರೆ ನಾನು ಅಂಗಡಿ ಮುಚ್ಚಬೇಕಾಗತ್ತೆ,” ಎಂದಳು ಆಕೆ, ಹಾಳೆಯತ್ತ ಓರೆನೋಟ ಬೀರಿ.

ಆತನ ಕಿವಿಗಳು ಕೆಂಪಾದವು. ಆಮೇಲೆ ತಿಂಗಳಿನ ಆ ಒಂದು ದಿನಕ್ಕಾಗಿ ಇಬ್ಬರೂ ಕಾಯತೊಡಗಿದರು.

ವರ್ಷ ತುಂಬುವಷ್ಟರಲ್ಲಿ ಏಳು ಕಲೆಗಳು ಮೈಬಣ್ಣದಲ್ಲಿ ಕರಗಿದ್ದವು. ಎಡ ಮೊಣಕಾಲಿನ ಕೆಳಗಿನ ಎಂಟನೆಯದು ಮಾತ್ರ ಕೂದಲೆಳೆಯಷ್ಟೂ ಕುಗ್ಗಿರಲಿಲ್ಲ. ವೈದ್ಯೆ ಅದಕ್ಕೆಂದೇ ಬೇರೆ ಮುಲಾಮು ಬರೆದುಕೊಟ್ಟರು. ಆತ ಮೂರು ಡಬ್ಬಿ ಅರೆದುಕೊಟ್ಟ. ಫಲ ಕಾಣದಾಗ, ದೋಷ ತನ್ನ ಕೈಯದೇ ಎಂದು ನಿಶ್ಚಯಿಸಿ ರಾಜೀನಾಮೆ ಬರೆದಿಟ್ಟ. ನಾಳೆಯಿಂದ ಬೇರೆಯವರು ಬರುತ್ತಾರೆ, ಅವರ ಗೆರೆ ನೇರವಾಗಿರುತ್ತದೆ ಎಂದು ಆಕೆಗೆ ತಿಳಿಸಿದ್ದೂ ತಲೆ ಬಗ್ಗಿಸಿಕೊಂಡೇ.

ಆಕೆ ಚೀಲದಿಂದ ಮೂರೂ ಡಬ್ಬಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಮುಲಾಮಿನ ಮೇಲೆ ಬೆರಳಿನ ಗುರುತೂ ಇರಲಿಲ್ಲ.

“ಹಚ್ಚಲೇ ಇಲ್ವಾ?”

“ಇದೂ ಹೋಗ್ಬಿಟ್ರೆ, ಯಾವ ನೆಪ ಹೇಳ್ಕೊಂಡು ಇಲ್ಲಿಗೆ ಬರ್ಲಿ?”

ಆತ ಪೆನ್ಸಿಲ್ಲನ್ನು ಕೆಳಗಿಟ್ಟು ತಲೆಯೆತ್ತಿದ.

“ನೆಪ ಬೇಡ, ರೀ. ಅಮ್ಮನ್ನ ಕರ್ಕೊಂಡು ನಾನೇ ನಿಮ್ಮನೆಗೆ ಬರ್ತೀನಿ.”

“ಹಾಗಾದ್ರೆ ನಿನ್ನ ಈ ರಾಜೀನಾಮೆ ಹರಿದು ಹಾಕ್ಲೇನಪ್ಪಾ?” ಎಂದು ಪರದೆಯ ಆಚೆಯಿಂದ ವೈದ್ಯೆ ಕೇಳಿದರು.

ಮದುವೆಯಾದ ವರ್ಷ ಆಕೆ ತನಗೆಂದು ಮೊದಲ ಬಾರಿಗೆ ಮೊಣಕಾಲುದ್ದದ ಲಂಗ ಹೊಲಿದುಕೊಂಡಳು, ಆ ಕಲೆ ಕಾಣುವಂತೆಯೇ. ಈಗಲೂ ಆತ ಕನ್ನಡಕ ಏರಿಸಿ ಒಮ್ಮೊಮ್ಮೆ ಬಟರ್ ಪೇಪರ್ ಹಿಡಿದು ಬರುತ್ತಾನೆ. ಗೆರೆ ಇನ್ನೂ ನಡುಗುತ್ತದೆಯೆಂದು ಆಕೆ ಕೆಣಕುತ್ತಾಳೆ.

ಈ ಕಥೆಯನ್ನು ಕೇಳಿದವರೆಲ್ಲರ ಗಾಯಗಳು ಮಾಯಲಿ, ಒಲಿದವರು ಗುರುತಿಸುವ ಕಲೆಯೊಂದು ಉಳಿದಿರಲಿ, ಸರ್ವರಿಗೂ ಮಂಗಳವಾಗಲಿ.