ಫೋನಿಗೆ ಗೊತ್ತಿಲ್ಲದ ಕಾಗದ

ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಕೆಂಭಾವಿ ಬಸ್ಸಿಗೆ ಕಾಯುತ್ತ ಕೂತ ಪಂಚಶೀಲಾಗೆ ಅಳುವಷ್ಟೂ ತ್ರಾಣ ಉಳಿದಿರಲಿಲ್ಲ. ಕಷ್ಟಪಟ್ಟು ಪರೀಕ್ಷೆ ಪಾಸಾಗಿ ಗಳಿಸಿದ ಎಸ್‌ಡಿಎ ನೌಕರಿ ಬೆಳಿಗ್ಗೆ ಯಾದಗಿರಿಯ ಆಫೀಸಿನಲ್ಲಿ ಎರಡೇ ನಿಮಿಷಕ್ಕೆ ಕೈಬಿಟ್ಟು ಹೋಗಿತ್ತು.

"ಇದು ಬರೇ ವಾಸಸ್ಥಳದ ಸರ್ಟಿಫಿಕೇಟ್ ಆತವ್ವ," ಎಂದಿದ್ದರು ದಾಖಲೆ ನೋಡುವ ಖುರ್ಷೀದಬೇಗಂ. "ನಮ್ಮ ಭಾಗದ ಮೀಸಲಾತಿಗೆ ಮುನ್ನೂರಾ ಎಪ್ಪತ್ತೊಂದು ಜೆ ಸರ್ಟಿಫಿಕೇಟಾ ಬೇಕು. ಇವತ್ತ ಕಡೀ ದಿನ. ಇದು ನಡೀತದಂತ ನಿನಗ ಯಾರು ಹೇಳಿದ್ರು?"

ತಾನು ಪ್ರೀತಿಸುವ ಕಾಂತೇಶನ ಹೆಸರು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು.

ನಾಡಕಚೇರಿಯ ಸಾಲಿನಲ್ಲಿ ನಿಂತೇ ಕೇಳುತ್ತೇನೆ ಅಂದವಳನ್ನು ತಡೆದವನು ಅವನೇ. "ದಿನಪೂರಾ ಪಾಳಿ ಯಾಕ ಹಚ್ತಿ? ನಾ ಫೋನಿನ್ಯಾಗ ಎಐಗೆ ಕೇಳ್ತೀನಿ," ಅಂದಿದ್ದ. ಎರಡೂ ಒಂದೇ ಸರ್ಟಿಫಿಕೇಟ್ ಅಂತ ಆ ಪುಣ್ಯಾತ್ಮ ಯಂತ್ರ ಕಣ್ಣುಮುಚ್ಚಿ ತೆರೆಯೋದರೊಳಗೆ ಹೇಳಿತ್ತು. ಇವಳೂ ನಂಬಿದಳು. ಯಂತ್ರವನ್ನಲ್ಲ, ಅವನನ್ನು.

ಸುದ್ದಿ ತಿಳಿದು, ತಾನು ಪಾಠ ಮಾಡುವ ಭೀಮರಾಯನಗುಡಿಯ ಶಾಲೆಯಿಂದ ಅವನು ಓಡೋಡಿ ಬಂದ. ಕಾಲರಿಗೆ ಚಾಕ್‌ಪುಡಿ. ಬೇರೆ ದಿನವಾಗಿದ್ದರೆ ಅವಳು ಆಚೀಚೆ ನೋಡಿ, ನಗುತ್ತ ಕೊಡವುತ್ತಿದ್ದಳು. ಇವತ್ತು ಕೈ ಮೇಲೇಳಲಿಲ್ಲ. ಅವನು ಆಗಲೇ ಕಳಿಸಿದ್ದ ಮೆಸೇಜು ತೆಗೆದು ಓದಿದಳು.

"'ಉಂಟಾದ ಅನಾನುಕೂಲತೆಗಾಗಿ ಹೃತ್ಪೂರ್ವಕವಾಗಿ ವಿಷಾದಿಸುತ್ತೇನೆ.' ಇದು ಯಾರು ಬರದದ್ದು?"

ಅವನು ಚಪ್ಪಲಿ ನೋಡಿಕೊಂಡ. "ನನಗ ಏನ ಬರೀಬೇಕಂತ ಹೊಳೀಲಿಲ್ಲ. ಆ ಎಐಗೇ ಕೇಳಿದೆ."

"ನೌಕ್ರಿ ಹೋದ್ರ ಅನಾನುಕೂಲತೆ ಏನೋ?" ಅವಳ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ನೌಕ್ರಿ ಬರಲಿ, ಆಮ್ಯಾಲ ನಮ್ಮ ಮದವಿ ಮಾತು ಎತ್ತೂಣಂತ ಒಂದೂವರಿ ವರ್ಷ ಕಾದೀನಿ. ಇನ್ನ ಅವ್ವ ಕಾಯಂಗಿಲ್ಲ. ಐತವಾರ ಸುರಪುರದ ಗಂಡಿನವ್ರಿಗೆ ಹೂಂ ಅಂತಾಳ."

ಅವನು ಫೋನು ಕಿಸೆಗೆ ಹಾಕಿದ.

"ತಪ್ಪಾತು, ಶೀಲಾ. ಭಾಳ ಶಾಣ್ಯಾ ಇದ್ದೀನಂತ ತಿಳ್ಕೊಂಡಿದ್ದೆ," ಅಂದ. "ಇವತ್ತಾ ನಿಮ್ಮ ಮನಿಗೆ ಬರ್ತೀನಿ. ನೌಕ್ರಿ ಹೋಗಿದ್ದು ನನ್ನಿಂದ ಅಂತ ಮೊದಲ ಹೇಳ್ತೀನಿ. ಆಮ್ಯಾಲ ನೀ ಬೇಕಂತ ಕೇಳ್ತೀನಿ."

"ಅವ್ವ ಚಪ್ಪಲಿ ತಗೊಂಡ್ರ?"

"ಏಟು ತಿಂತೀನಿ. ನಾಳಿ ನಾಡಕಚೇರಿಗೆ ಹೋಗಿ, ಮುಂದಿನ ಸಲಕ್ಕರ ಇರಲಿ ಅಂತ ನಿನ್ನ ಸರ್ಟಿಫಿಕೇಟಿಗೆ ನಾನೇ ಪಾಳಿ ಹಚ್ತೀನಿ."

ಬಸ್ಸು ಬಂತು. ಅವಳು ಹತ್ತಿ ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ ಫ್ರೀ ಟಿಕೆಟ್ ತಗೊಂಡಳು. ಇವತ್ತು ಅವಳ ಕೈಯಲ್ಲಿ ನಡೆದ ಕಾಗದ ಅದೊಂದೇ. ಅವನು ಬಾಗಿಲಲ್ಲೇ ನಿಂತಿದ್ದ, ಹತ್ತಲೋ ಬೇಡವೋ ಎಂಬಂತೆ. ಅವಳು ಕಿಟಕಿಯ ಕಡೆ ಸರಿದು ಜಾಗ ಬಿಟ್ಟಳು.

ಅವನು ಪಕ್ಕದಲ್ಲಿ ಕೂತ. ಭೀಮರಾಯನಗುಡಿ ದಾಟಿದ ಮೇಲೆ ಅವಳು ಕೇಳಿದಳು.

"ಅವ್ವನ ಮುಂದ ಹೆಂಗ ಮಾತಾಡಬೇಕಂತ ಆ ಎಐಗೆ ಕೇಳೀಯೇನು?"

"ಇಲ್ಲ. ಅದಕ್ಕ ನಿಮ್ಮವ್ವ ಮರಿಲಿಂಗಮ್ಮ ಗೊತ್ತಿಲ್ಲ."

"ನಿನಗ ಗೊತ್ತೇನು?"

"ಅಂಜಿಕಿ ಬರೂವಷ್ಟು ಗೊತ್ತು."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವನ ಕಾಲರಿನ ಚಾಕ್‌ಪುಡಿ ಕೊಡವಿ ಅಂದಳು, "ಅವ್ವನ ಮುಂದೂ ಹಿಂಗಾ ಹೇಳು. ಅಕಿಗೆ ತಿಳೀತದ."