ತೊಟ್ಟಿಯೊಳಗಿನ ಉಬ್ಬರ

ನಂಬಿ ಎಂದು ನಾನು ಯಾರ ಕಾಲೂ ಹಿಡಿಯುವುದಿಲ್ಲ. ನನ್ನ ಗಂಡ ರತನ್ ಮುಂಬೈಯಿಂದ ನೀಲಿ ಸರ್ಜನ್ ಎಂಬ ಸಾಕುವ ಕಡಲ ಮೀನು ತಂದಾಗ, ಗಂಗೊಳ್ಳಿಯ ಕಡಲ ನೀರನ್ನೇ ಕ್ಯಾನಿನಲ್ಲಿ ಹೊತ್ತು ತಂದು ಗಾಜಿನ ತೊಟ್ಟಿ ತುಂಬಿಸಿದೆವು.

"ಕಡ್ಲ್ ಮನಿಯೊಳ್ಗೆ ಬಪ್ಪುಕಾಗ," ಎಂದು ಅತ್ತೆ ಬೇಡವೆಂದರು.

ಮರುದಿನದಿಂದ, ಹೊರಗೆ ಕಡಲು ಇಳಿದಾಗ ತೊಟ್ಟಿಯ ನೀರೂ ನಾಲ್ಕು ಬೆರಳು ಇಳಿಯುತ್ತಿತ್ತು. ಉಬ್ಬರಕ್ಕೆ ತಾನೇ ಏರುತ್ತಿತ್ತು. ತೊಟ್ಟಿಯ ಸುತ್ತಲ ನೆಲ ಒಣಗಿಯೇ ಇರುತ್ತಿತ್ತು. ಮೀನು ಸದಾ ಕಡಲಿರುವ ಪಡುವಣ ಗೋಡೆಗೆ ಮುಖ ಮಾಡಿ ನಿಲ್ಲುತ್ತಿತ್ತು. ನಮಗೂ ಅಭ್ಯಾಸವಾಯಿತು. ದೋಣಿ ಬಿಡುವ ಮೊದಲು ರತನ್ ಉಬ್ಬರವಿಳಿತ ತಿಳಿಯಲು ಅಳಿವೆಯ ಬಳಿ ಹೋಗದೆ ತೊಟ್ಟಿಯನ್ನೇ ನೋಡುತ್ತಿದ್ದರು.

ಮೀನು ಸತ್ತ ಮೇಲೆ ತೊಟ್ಟಿಯನ್ನು ತೊಳೆದು, ಕಡಲಿನಿಂದ ದೂರದ ಹಾಲಾಡಿಯಲ್ಲಿರುವ ನಮ್ಮ ಪರಿಚಯದ ಭೋಜರಾಜಣ್ಣನಿಗೆ ಕೊಟ್ಟೆವು. ಅವರು ಬಾವಿ ನೀರು ತುಂಬಿಸಿ ಗೋಲ್ಡ್‌ಫಿಶ್ ಬಿಟ್ಟರು. ಮೊನ್ನೆ ಅವರ ಫೋನ್ ಬಂತು.

"ಹ್ವಾಯ್, ಮೀನೆಲ್ಲ ಸತ್ತ್ ಹೋಯ್ತ್. ತೊಟ್ಟಿ ನೀರ್ ಉಪ್ಪ್ ಆಯ್ತ್. ಈಗ ಬಾವಿ ನೀರೂ."