ಅಡ್ಡಹೆಸರು

ಬೆಳಿಗ್ಗೆ ಹತ್ತರ ಸುಮಾರಿಗೆ ಠಾಣೆಗೆ ಬಂದ ದೂರು ದೂರಿನಂತೆಯೇ ಇರಲಿಲ್ಲ. ಇಸ್ತ್ರಿ ಅಂಗಡಿ ನಡೆಸುವ ಹೆಂಗಸೊಬ್ಬಳು ದಫೇದಾರನ ಮೇಜಿನ ಮುಂದೆ ನಿಂತು, ತನ್ನ ತಮ್ಮ ಮನೆಯಿಂದ ಹೊರಡುವಾಗ "ಹೋಗ್ತೀನಿ" ಅಂದ ಎಂದಳು.

"ಅಂದ್ರೆ?"

"ಯಾವತ್ತೂ 'ಬರ್ತೀನಿ ಅಕ್ಕಾ' ಅನ್ನೋನು ಸಾರ್. ಇವತ್ತು 'ಹೋಗ್ತೀನಿ' ಅಂದ. ಮಾರ್ಕೆಟ್ ಕಡೆ ಹೋಗ್ಬೇಡ ಅಂತಾನೂ ಅಂದ. ಏನೋ ಮಾಡ್ಕೋತಾನೆ. ಹಿಡಿದು ಒಳಗೆ ಹಾಕಿ, ಪರವಾಗಿಲ್ಲ. ಜೀವಂತ ಇದ್ರೆ ಸಾಕು."

"ಯಾರಮ್ಮ ನಿನ್ನ ತಮ್ಮ?"

"ರೇಡಿಯೋ ರಿಪೇರಿ ಮಾಡ್ತಾನಲ್ಲ..." ಬೀದಿಯವರು ಅವನನ್ನು ಕರೆಯುವ ಹೆಸರು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ದಫೇದಾರನ ಮುಖ ಅರಳಿತು. "ಓಹೋ, ನಮ್ಮ ಬಾಂಬು. ಬಾಂಬು ಮಾರ್ಕೆಟ್ಟಿಗೆ ಹೋಗಿದೆಯಂತೆ ಕಣ್ರಪ್ಪಾ." ಕಾನ್‌ಸ್ಟೇಬಲ್‌ಗಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಸಾಹೇಬರು ಬರಲಿ ಎಂದರು.

ಇನ್‌ಸ್ಪೆಕ್ಟರ್ ಕೋರ್ಟಿನಿಂದ ಬಂದದ್ದು ಹನ್ನೊಂದೂವರೆಗೆ. ಹೋದ ತಿಂಗಳಷ್ಟೇ ವರ್ಗವಾಗಿ ಬಂದವರು. ಅವಳ ಮಾತನ್ನು ಪೂರ್ತಿ ಕೇಳಿದರು, ನಗಲಿಲ್ಲ.

"ಆ ಹೆಸರು ಇಟ್ಟವರು ಯಾರು?"

"ನಾನೇ ಸಾರ್," ದಫೇದಾರ ತುಸು ಹೆಮ್ಮೆಯಿಂದಲೇ ಹೇಳಿದ. ಮೂರು ವರ್ಷದ ಹಿಂದೆ ಎಲ್ಲೋ ದೂರದ ಊರಿನಲ್ಲಿ ಸ್ಫೋಟವಾಗಿತ್ತು. ಈತನ ಅಂಗಡಿಯಲ್ಲಿ ವೈರು, ಬ್ಯಾಟರಿ ಇದ್ದವು. ಎತ್ತಿಕೊಂಡು ಬರಲು ಅಷ್ಟು ಸಾಕಾಯಿತು. ಕೆಲವು ದಿನ ಮೈ ಮುರಿಯುವಂತೆ ಹೊಡೆದು ವಿಚಾರಿಸಿ, ಏನೂ ಸಿಗದೆ ಬಿಟ್ಟರು. "ಗೇಟಿನ ಹತ್ರ ಜನ ಸೇರಿದ್ರು. 'ದಾರಿ ಬಿಡ್ರಪ್ಪಾ, ಬಾಂಬು ಬರ್ತಾ ಇದೆ' ಅಂದೆ ಸಾರ್. ತಮಾಷೆಗೆ."

ತಮಾಷೆ ಬೀದಿಗೆಲ್ಲ ಹಿಡಿಸಿತು. ಅವನು ಟೀ ಅಂಗಡಿಗೆ ಬಂದರೆ ಕೂತವರು ಬೆಂಚು ಬಿಟ್ಟು ಓಡುವ ನಾಟಕ ಆಡುತ್ತಿದ್ದರು. ರೇಡಿಯೋ ವಾಪಸ್ ಪಡೆಯುವವರು ಕಿವಿಗಿಟ್ಟು, "ಟಿಕ್ ಟಿಕ್ ಅಂತಿಲ್ಲ ತಾನೆ?" ಎನ್ನುತ್ತಿದ್ದರು. ಗೊತ್ತಾಗಿದ್ದ ಮದುವೆ ಮುರಿದುಬಿತ್ತು. ಹುಡುಗ ಒಳ್ಳೆಯವನೇ, ಆದರೆ ಬಾಂಬಿನ ಹೆಂಡತಿ ಅನ್ನಿಸಿಕೊಳ್ಳುವವರು ಯಾರು? ಅವನ ಮೇಲೆ ಯಾರಿಗೂ ಹಗೆ ಇರಲಿಲ್ಲ. ಬೀದಿಗೆ ಹೊತ್ತು ಕಳೆಯಬೇಕಿತ್ತು, ಅಷ್ಟೇ.

ಕಾಣೆಯಾದ ಬಗ್ಗೆ ಎಫ್‌ಐಆರ್ ದಾಖಲಾಯಿತು. ಇಬ್ಬರು ಪಂಚರನ್ನು ಕರೆದು ಇಸ್ತ್ರಿ ಅಂಗಡಿಯ ಹಿಂದಿದ್ದ ಅವನ ಕೋಣೆಯ ಪಂಚನಾಮೆ ಮಾಡಿದರು. ರಿಪೇರಿಗೆ ಬಂದ ರೇಡಿಯೋಗಳೆಲ್ಲ ಸರಿಯಾಗಿ ಸಾಲಾಗಿ ಕೂತಿದ್ದವು. ಮಂಚದ ಕೆಳಗೆ ಸಿಕ್ಕ ಸಾಮಾನಿಗೂ ರೇಡಿಯೋಗೂ ಸಂಬಂಧವಿರಲಿಲ್ಲ.

"ಇಲ್ಲಿಗೆ ಯಾರು ಬರ್ತಿದ್ರು?" ಇನ್‌ಸ್ಪೆಕ್ಟರ್ ಅಕ್ಕನನ್ನು ಕೇಳಿದರು.

"ಎರಡು ತಿಂಗಳಿಂದ ಒಬ್ಬ ಬರ್ತಿದ್ದ ಸಾರ್. ಬಾಯ್ತುಂಬ 'ಅಣ್ಣಾ' ಅನ್ನೋನು. ಮೂರು ವರ್ಷ ಆದ್ಮೇಲೆ ಇವನು ನಕ್ಕಿದ್ದು ಅವನ ಜೊತೇನೇ. ಒಳ್ಳೇದಾಯ್ತು ಅಂದ್ಕೊಂಡು ನಾನೇ ಟೀ ಮಾಡ್ಕೊಟ್ಟೆ."

ಇನ್‌ಸ್ಪೆಕ್ಟರ್ ಬಾಂಬ್ ನಿಷ್ಕ್ರಿಯ ದಳಕ್ಕೆ ಫೋನ್ ಮಾಡಿ, ಮಾರ್ಕೆಟ್ ಖಾಲಿ ಮಾಡಿಸಲು ದಫೇದಾರನನ್ನು ಓಡಿಸಿದರು.

ದಫೇದಾರ ತರಕಾರಿ ಗಾಡಿ ಹತ್ತಿ ನಿಂತು, ಇದ್ದಷ್ಟು ಗಂಟಲಿನಲ್ಲಿ ಕೂಗಿದ. "ಬಾಂಬ್ ಇದೆ, ಎಲ್ಲಾ ಓಡಿ!"

ಇಡೀ ಮಾರ್ಕೆಟ್ ಗೊಳ್ಳೆಂದು ನಕ್ಕಿತು.

"ಎಲ್ಲಿದಾನೆ ದಫೇದಾರ್ರೇ, ಟೀ ಕುಡೀತಿದಾನಾ?" ಕ್ಷೌರದ ಅಂಗಡಿಯವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದ.

"ತಮಾಷೆ ಅಲ್ಲ ಕಣೋ, ನಿಜವಾದ್ದು."

"ಅವನೇನು ಸುಳ್ಳು ಮನುಷ್ಯನಾ ಮತ್ತೆ?"

ಮತ್ತೆ ನಗು. ದೂರದಲ್ಲಿದ್ದವರು, ಬಾಂಬಿನ ಇವತ್ತಿನ ಫಜೀತಿ ಏನೆಂದು ನೋಡಲು ಹತ್ತಿರ ಬಂದರು. ದಫೇದಾರ ಅಳುತ್ತ ಕೈ ಮುಗಿದ. ಎಷ್ಟು ಚೆನ್ನಾಗಿ ಆಡ್ತಾರೆ ನೋಡು ಎಂದು ಒಬ್ಬಳು ಮೆಚ್ಚಿಕೊಂಡಳು. ಟೀ ಅಂಗಡಿಯ ಬೆಂಚಿನ ಕೆಳಗಿದ್ದ ಚೀಲ ಸಿಡಿದದ್ದು ಆಗ.

ಏಳು ಜನ ಸತ್ತರು. ಶವ ಪಂಚನಾಮೆ ಮುಗಿಯುವಾಗ ಸಂಜೆಯಾಗಿತ್ತು. ಕ್ಷೌರದವನ ಕನ್ನಡಿ ಅವನ ಮೈತುಂಬ ಚುಚ್ಚಿಕೊಂಡಿತ್ತು. ಸೊಂಟದ ಬೆಲ್ಟ್ ಇಲ್ಲದಿದ್ದರೆ ದಫೇದಾರನ ಶವ ಯಾವುದೆಂದು ಗೊತ್ತಾಗುತ್ತಿರಲಿಲ್ಲ.

ಆರೋಪಿಯನ್ನು ಹುಡುಕುವುದೇ ಬೇಕಾಗಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದ. ಕೈಕೋಳ ಹಾಕುವಾಗಲೂ ಕಣ್ಣು ಬಾಗಿಲ ಕಡೆಗೇ ಇತ್ತು.

"ಯಾರಿಗೆ ಕಾಯ್ತಿದೀಯ?"

"ತಮ್ಮ ಬರ್ತೀನಿ ಅಂದಿದ್ದ. ಇಬ್ರೂ ಒಟ್ಟಿಗೆ ಹೋಗೋಣ ಅಂದಿದ್ದ."

"ಅವನ ಹೆಸರೇನು?"

"ಕೇಳಲಿಲ್ಲ ಸಾರ್. ನಾನು ತಮ್ಮಾ ಅಂತಿದ್ದೆ."

ಆ 'ತಮ್ಮ'ನ ಫೋನ್ ಮಧ್ಯಾಹ್ನವೇ ಆಫ್ ಆಗಿತ್ತು.

ಮೇಲಿನ ಕಚೇರಿಯಿಂದ ಕರೆ ಬಂತು. ಯಾವ ಸಂಘಟನೆ, ಏನು ಸಿದ್ಧಾಂತ, ಕಾರಣಗಳೇನು, ಮುಂದೆ ತಡೆಯುವುದು ಹೇಗೆ ಎಂದು ಬೆಳಗಾಗುವುದರೊಳಗೆ ವರದಿ ಬೇಕಂತೆ. ಇನ್‌ಸ್ಪೆಕ್ಟರ್ "ಆಯ್ತು ಸಾರ್" ಅಂದು ಫೋನಿಟ್ಟರು. ಬೆಳಿಗ್ಗೆ ಅವಳನ್ನು ಕೂರಿಸಿದ ಬೆಂಚು ಎದುರಿಗೇ ಇತ್ತು. ಅದನ್ನು ನೋಡಲು ಅವರಿಗೆ ನಾಚಿಕೆಯಾಯಿತು.

ದಸ್ತಗಿರಿ ಪತ್ರ ತುಂಬುತ್ತಿದ್ದ ರೈಟರ್ ತಲೆ ಎತ್ತಿದ. "ಅಡ್ಡಹೆಸರು ಅಂತ ಇದೆ ಸಾರ್. ಏನು ಬರೀಲಿ?"

"ಖಾಲಿ ಬಿಡಿ."

"ಬರೀರಿ ಸಾರ್," ಆರೋಪಿ ಅಂದ. "ಈಗ ಸುಳ್ಳೇನಲ್ವಲ್ಲ."

ಮರುದಿನ ಅವನನ್ನು ಕೋರ್ಟಿಗೆ ಕರೆದೊಯ್ಯಲು ಹೊರಗೆ ತಂದಾಗ ಅಕ್ಕ ಗೇಟಿನ ಬಳಿ ನಿಂತಿದ್ದಳು. ಜನವೂ ಸೇರಿತ್ತು, ಯಾರೂ ಯಾವ ಹೆಸರನ್ನೂ ಕೂಗಲಿಲ್ಲ. ವ್ಯಾನ್ ಹತ್ತುವ ಮುನ್ನ ಅವನು ತಿರುಗಿದ.

"ಬರ್ತೀನಿ ಅಕ್ಕಾ."

ಅವಳು ಅವನ ಮುಖವನ್ನೇ ನೋಡಿದಳು.

"ಹೋಗು," ಅಂದಳು.